ಹಸಿರು ಟಿಕ್ ನಂಬಿ ನಾಲ್ಕು ಬ್ಯಾಟ್ ಕಳಕೊಂಡೆ: ನಮ್ಮ ಪೇಮೆಂಟ್ ಗೇಟ್‌ವೇ ರಿವ್ಯೂ, 5ಕ್ಕ 2 ಸ್ಟಾರ್

ಗೇಟ್‌ವೇ ಅಂದ್ರ ಆನ್‌ಲೈನ್‌ನ್ಯಾಗ ಗಿರಾಕಿ ಕೊಟ್ಟ ರೊಕ್ಕ ನಮ್ಮ ಬ್ಯಾಂಕಿಗೆ ಮುಟ್ಟಸೋ ಕಂಪನಿ. ಅದರ ಹೆಸರು ಬರ್ಯಂಗಿಲ್ಲ, ಯಾಕಂದ್ರ ನಂದೊಂದು ಟಿಕೆಟ್, ಅಂದ್ರ ತಕರಾರು, ಇನ್ನೂ ಅವರ ಕಡೆ ಓಪನ್ ಐತಿ, ಮತ್ತ ನಾ ಹೇಳೋದು ಬ್ಯಾರೆ ಗೇಟ್‌ವೇ ಇಟಗೊಂಡವ್ರಿಗೂ ಹೆಚ್ಚುಕಮ್ಮಿ ಹತ್ತತೈತಿ. ನಾವು ಹುಬ್ಬಳ್ಳಿಯವ್ರು. ದುರ್ಗದಬೈಲ್ ಕಡೆ ಅಪ್ಪಾರ ಕಾಲದ ಸ್ಪೋರ್ಟ್ಸ್ ಅಂಗಡಿ, ಕೇರಂ ಬೋರ್ಡು, ಟ್ರೋಫಿ, ವಾಲಿಬಾಲ್ ನೆಟ್ಟಿನಿಂದ ಹಿಡದು ಇಂಗ್ಲಿಷ್ ವಿಲ್ಲೋ ಅನ್ನೋ ತುಟ್ಟಿ ಕಟ್ಟಗಿ ಬ್ಯಾಟ್ ತನಕ ಎಲ್ಲಾ ಸಿಗತೈತಿ. ಲಾಕ್‌ಡೌನ್ ಮುಗದ ಮ್ಯಾಲೆ ಒಂದು ವೆಬ್‌ಸೈಟ್ ಮಾಡಿಸಿದ್ವಿ, ಅದಕ್ಕ ಈ ಗೇಟ್‌ವೇ ಹಾಕಿಸಿದ್ವಿ.

ಮೊದಲ ಛಲೋ ಇದ್ದದ್ದು ಹೇಳಿಬಿಡ್ತೀನಿ, ಇಲ್ಲಾಂದ್ರ ಬರೇ ಸಿಟ್ಟಿನಾಗ ಬರದಾನ ಅಂತೀರಿ. ಯುಪಿಐ ಒಂದು ದಿನಾನೂ ಕೈ ಕೊಟ್ಟಿಲ್ಲ. ಗದಗದಿಂದ ಸ್ಕೂಲ್ ಪಿ.ಟಿ. ಮಾಸ್ತರ್ ಫೋನ್ ಮಾಡಿ 20 ಸ್ಕಿಪ್ಪಿಂಗ್ ಹಗ್ಗ ಬೇಕ್ರಿ ಅಂದ್ರ ವಾಟ್ಸಾಪ್‌ನ್ಯಾಗ ಲಿಂಕ್ ಒಗಿತೀವಿ, ಚಹಾ ಮುಗಿಯೋದ್ರಾಗ ರೊಕ್ಕ ಬಂದಿರತೈತಿ. ಹಾವೇರಿ ಕಡೆ ಹಳ್ಳಿ ಟೂರ್ನಮೆಂಟಿನ ಹುಡುಗ್ರು ಟ್ರೋಫಿಗೆ ಅಡ್ವಾನ್ಸ್ ಹಾಕೋದೂ ಹಂಗ. ಸೆಟಲ್‌ಮೆಂಟ್, ಅಂದ್ರ ಅವರ ಫೀ ಹಿಡದು ಉಳದ ರೊಕ್ಕ, ಮರುದಿನ ಬ್ಯಾಂಕಿಗೆ ಬೀಳತೈತಿ. ಇಷ್ಟಕ್ಕ ನಾ ಕೊಟ್ಟ ಎರಡೂ ಸ್ಟಾರ್ ಖರ್ಚಾದ್ವು.

ಕೆಲಸ ಕೆಟ್ಟದ್ದು ಇಂಟರ್‌ನ್ಯಾಷನಲ್ ಕಾರ್ಡ್ ಚಾಲೂ ಮಾಡಿಸಿದ ಮ್ಯಾಲೆ. ಅವರ ಸೇಲ್ಸ್ ಹುಡುಗ ಫೋನ್ ಮಾಡಿ, ಸರ್ ಹೊರದೇಶದಾಗಿರೋ ನಿಮ್ಮ ಕಡೆ ಮಂದಿ ಊರಾಗಿನ ತಮ್ಮಗ ಅಳಿಯಗ ಬ್ಯಾಟ್ ಕೊಡಸ್ತಾರ, ಮೋಸದ ಆರ್ಡರ್ ಹಿಡಿಯೋ ಫ್ರಾಡ್ ಶೀಲ್ಡ್ ಬ್ಯಾರೆ ಫ್ರೀ ಕೊಡ್ತೀವಿ, ನೀವು ಆರಾಮ ನಿದ್ದಿ ಮಾಡ್ರಿ ಅಂದ. ನಾನೂ ಹೂಂ ಅಂದೆ. ಧಾರವಾಡದಾಗ ಓದಿ ಅಮೇರಿಕಾಕ್ಕ ಹೋದವ್ರು ಓಣಿಗೊಬ್ರು ಅದಾರಲ್ಲ, ಮಾತು ಖರೇ ಅನಸ್ತು.

ಆ ಹುಡುಗ ಹೇಳದ ಬಿಟ್ಟದ್ದು ಒಂದ ಒಂದು. ನಮ್ಮ ದೇಶದ ಕಾರ್ಡಾದ್ರ 2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕಿನ ರೂಲ್ ಐತಿ, ಆನ್‌ಲೈನ್‌ನ್ಯಾಗ ಕಾರ್ಡ್ ಮ್ಯಾಲೆ ಅಚ್ಚಾದ ನಂಬರ್ ಒಂದ ಇದ್ರ ನಡಿಯಂಗಿಲ್ಲ, ಪಾಸ್‌ವರ್ಡೋ ಓಟಿಪಿನೋ ಇನ್ನೊಂದು ಬೇಕ ಬೇಕು. ಹೊರದೇಶದ ಬ್ಯಾಂಕ್ ಕೊಟ್ಟ ಕಾರ್ಡಿಗೆ ಈ ರೂಲ್ ಹತ್ತಂಗಿಲ್ಲ. ನಂಬರ್, ಎಕ್ಸ್‌ಪೈರಿ ತಾರೀಖು, ಹಿಂದಿನ ಮೂರು ಅಂಕಿ ಗೊತ್ತಿದ್ರ ಸಾಕು, ಓಟಿಪಿ ಕೇಳದನ ಪಾಸಾಗಬಹುದು. ಓಟಿಪಿಯೊಳಗ ಪಾಸಾದದ್ದು ಆಮ್ಯಾಲೆ ಕಳುವಿನ ಕಾರ್ಡ್ ಅಂತ ಗೊತ್ತಾದ್ರ ನಷ್ಟ ಸಾಮಾನ್ಯವಾಗಿ ಆ ಕಾರ್ಡ್ ಕೊಟ್ಟ ಬ್ಯಾಂಕಿಂದು, ಓಟಿಪಿ ಇಲ್ಲದ ಪಾಸಾದದ್ದಾದ್ರ ಅಂಗಡಿಯವಂದು. ಗೇಟ್‌ವೇಯವ್ರಿಗೆ ಎರಡ್ರಾಗೂ ಕಮಿಷನ್ ಸಿಗತೈತಿ. ಇದು ನನಗ ತಿಳದದ್ದು 82,000 ಕೈ ಬಿಟ್ಟು ಹೋದ ಮ್ಯಾಲೆ.

ರಾತ್ರಿ 1:40ಕ್ಕ ಆರ್ಡರ್ ಬಿದ್ದಿತ್ತು. ಗ್ರೇಡ್ ಒನ್ ಬ್ಯಾಟ್ ನಾಲ್ಕು, ಒಂದಕ್ಕ 17,500. ಬ್ಯಾಟಿಂಗ್ ಗ್ಲೌಸ್ ಎರಡು ಜೋಡಿ, ಒಂದಕ್ಕ 3,200. ಸ್ಪೈಕ್ ಶೂ ಒಂದು, 5,600. ಕಾರ್ಡ್ ಹೊರದೇಶದ್ದು, ಕಾರ್ಡ್ ಮ್ಯಾಲಿನ ಹೆಸರು ಒಂದು, ಡೆಲಿವರಿ ತೊಗೊಳ್ಳಾವನ ಹೆಸರು ಇನ್ನೊಂದು, ಅಡ್ರೆಸ್ ದೂರದ ಒಂದು ಶಹರದ ಗೋಡೌನ್. ಕೆಳಗ ನೋಟ್‌ನ್ಯಾಗ, ಅಳಿಯನ ಹುಟ್ಟುಹಬ್ಬ, ಲಗೂ ಕಳಸ್ರಿ ಅಂತ. ಗೇಟ್‌ವೇಯವ್ರ ಡ್ಯಾಶ್‌ಬೋರ್ಡ್‌ನ್ಯಾಗ, ಅಂದ್ರ ಪೇಮೆಂಟಿನ ಲೆಕ್ಕ ತೋರಸೋ ಪೇಜಿನ್ಯಾಗ, ದೊಡ್ಡ ಹಸಿರು ಟಿಕ್, ಅದರ ಬಾಜೂಕ ‘ರಿಸ್ಕ್: ಲೋ’. ಮುಂಜಾನೆ ಎದ್ದು ಅದನ್ನ ನೋಡಿ ನಾನು ಮನಿಯಾಕೀಗೆ, ಇವತ್ತು ಮಿರ್ಚಿ ಗಿರ್ಮಿಟ್ ಪಾರ್ಟಿ ಅಂದಿದ್ದೆ, ಆ ಮಾತು ಇವತ್ತಿಗೂ ಮನ್ಯಾಗ ಚೇಷ್ಟಿ ಮಾಡ್ತಾರ.

ನಮ್ಮ ಅಂಗಡ್ಯಾಗ ಅಪ್ಪಾರ ಕಾಲದಿಂದ ಇರೋ ಕಾಕಾ ಒಬ್ರು ಅದಾರ. ಅವ್ರಿಗೆ ಕ್ರಿಕೆಟ್ ಅಂದ್ರ ಗದಗಿನ ಸುನೀಲ್ ಜೋಶಿ ಒಬ್ಬನ, 1999ರಾಗ ನೈರೋಬಿಯೊಳಗ ಸೌತ್ ಆಫ್ರಿಕಾ ಮ್ಯಾಲೆ 10 ಓವರ್‌ನ್ಯಾಗ 6 ರನ್ ಕೊಟ್ಟು 5 ವಿಕೆಟ್ ತಗದದ್ದನ್ನ ಗಿರಾಕಿ ಕೇಳಲಿ ಬಿಡಲಿ ಹೇಳ್ತಾರ. ಬಾಕ್ಸ್ ಪ್ಯಾಕ್ ಮಾಡುಮುಂದ ಅವ್ರು ಬಿಲ್ ನೋಡಿ, ತಮ್ಮಾ ಇದು ನಮ್ಮ ಗಿರಾಕಿ ಥರ ಇಲ್ಲಲ್ಲೋ ಅಂದ್ರು. ಯಾಕ ಕಾಕಾ ಅಂದೆ. 17,000 ರೊಕ್ಕದ ಬ್ಯಾಟು ತೊಗೊಳ್ಳಾಂವ ತೂಕ ಕೇಳಂಗಿಲ್ಲೇನು ಅಂದ್ರು. ಖರೇ ಐತಿ ನೋಡ್ರಿ. ನಮ್ಮ ಅಂಗಡಿಗೆ ಒಂದು ಇಂಗ್ಲಿಷ್ ವಿಲ್ಲೋ ತೊಗೊಳ್ಳಾಕ ಬಂದ ಹುಡುಗ ಎರಡು ತಾಸು ಕುಂದರ್ತಾನ. ಗ್ರೇನ್ಸ್, ಅಂದ್ರ ಕಟ್ಟಗಿ ಮ್ಯಾಲಿನ ಗೆರಿ, ಎಣಿಸ್ತಾನ, 1,150 ಗ್ರಾಂ ಒಳಗ ಐತೇನ್ರಿ ಅಂತಾನ, ಕಟ್ಟಗಿ ಸುತ್ತಿಗಿ ತೊಗೊಂಡು ಟಕ್ ಟಕ್ ಬಡದು ಕಿವಿಗೊಟ್ಟು ಕೇಳ್ತಾನ, ಮತ್ತ ನಾಳೆ ಅಪ್ಪನ್ನ ಕರ್ಕೊಂಡ ಬರ್ತೀನಿ ಅಂತ ಹೋಗ್ತಾನ. ಆನ್‌ಲೈನ್‌ನ್ಯಾಗ ತೊಗೊಳ್ಳಾವ್ರೂ ಕಮ್ಮಿ ಇಲ್ಲ, ವಿಡಿಯೋ ಕಳಸ್ರಿ, ಸೌಂಡ್ ಕೇಳಸ್ರಿ, ಪಿಕಪ್ (ಎತ್ತಿದ್ರ ಕೈಗೆ ಎಷ್ಟು ಹಗುರ ಅನಸತೈತಿ ಅನ್ನೋದು) ಹ್ಯಾಂಗೈತಿ ಅಂತ ತಲಿ ತಿಂತಾರ. ಈ ಮಹಾರಾಯ ನಾಲ್ಕೂ ಒಂದ ಥರದ್ದು, ಒಂದು ಮಾತು ಕೇಳಿಲ್ಲ. ಅಳಿಯಗ ಅಂತಾನ, ಬ್ಯಾಟು ದೊಡ್ಡವ್ರ ಸೈಜು, ಗ್ಲೌಸು ಹುಡುಗ್ರ ಸೈಜು, ಅದ್ರಾಗೂ ಒಂದು ಜೋಡಿ ರೈಟು ಒಂದು ಜೋಡಿ ಲೆಫ್ಟು, ಶೂ 10 ನಂಬರ್. ಆ ಅಳಿಯ ಎಂಥಾಂವ ಇರಬೇಕು ನೀವ ಹೇಳ್ರಿ.

ಕಾಕಾ ಹೇಳಿದ್ರೂ ನಾನು ಕಂಪ್ಯೂಟರ್ ನಂಬಿದೆ, ರಿಸ್ಕ್ ಲೋ ಐತಿ ಅಂದೆ, ಕೊರಿಯರ್‌ಗೆ ಕೊಟ್ಟೆ.

ರೊಕ್ಕ ಬಂತು, ಹೊರದೇಶದ ಕಾರ್ಡಿಗೆ ಅವರ ಫೀ 3 ಪರ್ಸೆಂಟ್, ಅದರ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ, 2,902 ಚಿಲ್ಲರ ಹಿಡದು ಉಳದದ್ದು ಹಾಕಿದ್ರು. ಮುಂದ ಹದಿನೈದು ದಿನಕ್ಕ ಅಂವಂದ ಇನ್ನೊಂದು ಆರ್ಡರ್. ಈ ಸಲ ಆರು ಬ್ಯಾಟ್, ಬ್ಯಾರೆ ಕಾರ್ಡು, ಅದ ಗೋಡೌನು, ಮತ್ತ ಅಳಿಯನ ಹುಟ್ಟುಹಬ್ಬ. ವರ್ಷಕ್ಕ ಎಷ್ಟ ಸಲ ಹುಟ್ಟಿದ್ನೋ ಏನೋ. ಕಾಕಾ ಬಾಕ್ಸಿಗೆ ಕೈ ಹಚ್ಚಲಿಲ್ಲ. ಕೊಟ್ಟ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ವಿ, ಕಾಕಾ ಹಿಂದಿಯೊಳಗ ಇಷ್ಟ ಕೇಳಿದ್ರು, ಹುಡುಗ ಯಾವ ಕೈಲೆ ಆಡ್ತಾನ, ಓಪನಿಂಗೋ ಮಿಡ್ಲ್ ಆರ್ಡರ್ರೋ, ಅದನ್ನ ನೋಡಿ ಬ್ಯಾಟ್ ಆರಿಸಿ ಕಳಸ್ತೀವಿ. ಆ ಕಡೆ ಸ್ವಲ್ಪ ಹೊತ್ತು ಗಪ್. ಆಮ್ಯಾಲೆ ಬೌಲರ್ ಅದಾನ ಅಂದ ಪುಣ್ಯಾತ್ಮ! ಫೋನ್ ಇಟ್ಟ, ಮತ್ತ ಹಚ್ಚಿದ್ರ ಸ್ವಿಚ್ಡ್ ಆಫ್. ಆ ಆರ್ಡರ್ ಅವತ್ತ ರಿಫಂಡ್ ಹೊಡದ್ವಿ. ರಿಫಂಡ್ ಮಾಡಿದ್ರೂ ಗೇಟ್‌ವೇ ತನ್ನ ಫೀ ವಾಪಸ್ ಕೊಡಂಗಿಲ್ಲ, ಅದೂ ನಮ್ಮ ತಲಿ ಮ್ಯಾಲೆ.

ಅವತ್ತ ಕುಂತು ಡ್ಯಾಶ್‌ಬೋರ್ಡ್ ಪೂರ್ತಿ ತಗದು ನೋಡಿದೆ. ಮೊದಲ ಆರ್ಡರ್‌ದು ಹಸಿರು ಟಿಕ್ ಬರೋಕಿಂತ ಮುಂಚೆ 11 ನಿಮಿಷದಾಗ ಐದು ಬ್ಯಾರೆ ಬ್ಯಾರೆ ಕಾರ್ಡ್ ಫೇಲ್ ಆಗಿದ್ವು, ಒಂದ ಇಮೇಲಿಂದ. ಅದರ ಹಿಂದಿನ ವಾರ ಒಂದ ರಾತ್ರ್ಯಾಗ ನಮ್ಮ 60 ರೂಪಾಯಿ ಟೆನಿಸ್ ಬಾಲಿಗೆ ನಲವತ್ತರ ಮ್ಯಾಲೆ ಕಾರ್ಡ್ ಹಾಕಿ ಹಾಕಿ ನೋಡಿದ್ರು. ಇದಕ್ಕ ಕಾರ್ಡ್ ಟೆಸ್ಟಿಂಗ್ ಅಂತಾರಂತ, ಎಲ್ಲೋ ಲೀಕ್ ಆದ, ಇಲ್ಲಾ ಸುಳ್ಳ ಲಿಂಕ್ ಕಳಿಸಿ ಹೊಡಕೊಂಡ ನಂಬರುಗಳ ಗಂಟು ತಂದು ಯಾವುದು ಇನ್ನೂ ಜೀವಂತ ಐತಿ ಅಂತ ಸಣ್ಣ ಮಾಲಿನ ಮ್ಯಾಲೆ ಪರೀಕ್ಷಾ ಮಾಡೋದು, ಜೀವ ಇದ್ದದ್ದನ್ನ ದೊಡ್ಡ ಮಾಲಿಗೆ ಬಳಸೋದು. ನಾನು ಟೆನಿಸ್ ಬಾಲಿಗೆ ಏನ್ ಡಿಮ್ಯಾಂಡಪ್ಪಾ ಅಂತ ಖುಷಿ ಪಟ್ಟಿದ್ದೆ. ನನ್ನ ತಕರಾರು ಇಷ್ಟ: ಇದೆಲ್ಲಾ ಗೇಟ್‌ವೇಯವ್ರ ಲಾಗ್‌ನ್ಯಾಗ ಸೆಕೆಂಡ್ ಸಮೇತ ಇತ್ತು. ಐದು ಕೀಲಿ ಹಾಕಿ ನೋಡಿ ಆರನೇದಕ್ಕ ಬಾಗಲಾ ತಗದಾಂವ ಲೋ ರಿಸ್ಕ್ ಅಂದ್ರ, ಹೈ ರಿಸ್ಕ್ ಅಂತ ಯಾರಿಗೆ ಅಂತೀರಿ? ಆ ಫ್ರಾಡ್ ಶೀಲ್ಡ್ ಅನ್ನೋದು ಅಂಗಡಿ ಶಟರ್ ಮ್ಯಾಲೆ ಬರೇ ಬೀಗದ ಚಿತ್ರ ಬಿಡಿಸಿದಂಗ.

ಕ್ರಿಕೆಟ್ ಸಾಮಾನ ಯಾಕ ಬೇಕು ಈ ಕಳ್ಳರಿಗೆ ಅಂತ ನಂಗೂ ಅನಸ್ತಿತ್ತು. ಮೊಬೈಲ್ ಆದ್ರ ಫೋನಿಗೊಂದು ಇರೋ ಗುರುತಿನ ನಂಬರ್, ಐಎಂಇಐ, ಹಿಡದು ಬ್ಲಾಕ್ ಮಾಡಸಬಹುದು. ಬ್ಯಾಟಿಗೆ ಅಂಥಾದ್ದೇನೂ ಇಲ್ಲ. ಹೊಸಾ ಪ್ಲಾಸ್ಟಿಕ್ ಹಾಳಿ ಸಮೇತ ಯಾವುದರ ಮೈದಾನದಾಗ ಅರ್ಧ ರೇಟಿಗೆ ನಿಂತ್ರ ಸಂಜೀ ಒಳಗ ಖಾಲಿ, ಯಾರೂ ಬಿಲ್ ಕೇಳಂಗಿಲ್ಲ. ನಮ್ಮ ನೆಹರೂ ಮೈದಾನದಾಗ ಯಾರರ ಹಂಗ ನಿಂತ್ರ ನಾವೂ ಹೋಗಿ ಒಂದು ತಂದೇವು.

ಇಲ್ಲಿ ಒಂದು ಮಾತು ಮುಚ್ಚಿಡಂಗಿಲ್ಲ. ಎರಡನೇ ಆರ್ಡರ್ ಸುಳ್ಳು ಅಂತ ಗೊತ್ತಾದ ಕೂಡ್ಲೆ ಮೊದಲನೇದೂ ಸುಳ್ಳ ಅಂತ ನಂಗ ಗೊತ್ತಾತು. ಎಲ್ಲೋ ಕುಂತ ಯಾರದೋ ಕಾರ್ಡಿನ ರೊಕ್ಕ ನನ್ನ ಅಕೌಂಟಿನ್ಯಾಗ ಇತ್ತು. ಬ್ಯಾಟ್ ಅಂತೂ ಹೋಗ್ಯಾವು, ರೊಕ್ಕಾನೂ ಕೊಟ್ಟು ಕುಂದರ್ಲೇನು ಅಂತ ಸುಮ್ನ ಕುಂತೆ. ಅವರು ನೋಡದಿದ್ರ ನೋಡದ ಇರ್ಲಿ ಅಂತ. ಒಂದು ವಾರ ಊಟ ಸೇರಲಿಲ್ಲ ಖರೇ, ಆದ್ರ ಸುಮ್ನ ಕುಂತದ್ದೂ ಖರೇ.

47ನೇ ದಿನಕ್ಕ ಮೇಲ್ ಬಂತು. ಚಾರ್ಜ್‌ಬ್ಯಾಕ್, ಅಂದ್ರ ಕಾರ್ಡಿನ ಮಾಲಕರು ಇದು ನಾವು ಮಾಡಿದ್ದಲ್ಲ ಅಂತ ತಮ್ಮ ಬ್ಯಾಂಕಿಗೆ ಹೇಳಿ ರೊಕ್ಕ ವಾಪಸ್ ಕೇಳಿದ್ದು. ವೀಸಾ ಕಾರ್ಡ್ ಕಂಪನಿಯವ್ರ ಕೋಡ್ 10.4, ಅಂದ್ರ ಕಾರ್ಡ್ ಎದುರಿಗಿಲ್ಲದ ನಡದ ವ್ಯವಹಾರದಾಗ ಮೋಸ. ಇಂಥಾ ತಕರಾರು ಹಾಕಾಕ 120 ದಿನದ ಅವಕಾಶ ಇರತೈತಂತ, ಅಂದ್ರ ಸೆಟಲ್ ಆತು ಅಂತ ನಾವು ಖರ್ಚು ಮಾಡಿದ ರೊಕ್ಕ ನಾಲ್ಕು ತಿಂಗಳ ತನಕ ನಮ್ಮದಲ್ಲ. ಕೇಳದ ಹೇಳದ ಅವತ್ತಿನಿಂದ ದಿನದ ಸೆಟಲ್‌ಮೆಂಟ್ ಹಿಡಿಯಾಕ ಚಾಲೂ ಮಾಡಿದ್ರು, 82,000 ತುಂಬೋ ತನಕ. ಆ ನಡುವ ನಮ್ಮ ಮೀರತ್ ಸಪ್ಲಾಯರ್‌ಗೆ ಕೊಟ್ಟ ಚೆಕ್ ಬೌನ್ಸ್ ಆಗೋದು ಅಪ್ಪಾರ ಎಫ್‌ಡಿ ಮುರದದ್ದಕ್ಕ ಉಳೀತು.

ಸಪೋರ್ಟ್ ಬಗ್ಗೆ ಏನ್ ಹೇಳ್ಲಿ. ಏಳು ದಿನದಾಗ ಪುರಾವೆ ಹಾಕ್ರಿ ಅಂದ್ರು. ಬಿಲ್, ಕೊರಿಯರ್ ರಸೀದಿ, ಡೆಲಿವರಿ ಸಹಿ, ಆ ಫೋನ್ ನಂಬರ್ ಎಲ್ಲಾ ಹಾಕಿದೆ. ಮೊದಲ ಬಾಟ್‌ದು, ಅಂದ್ರ ಕಂಪ್ಯೂಟರಿಂದ, ಒಂದು ಉತ್ತರ, ಆಮ್ಯಾಲೆ ದಿನಕ್ಕೊಬ್ಬ ಹೊಸಾ ಮನಷ್ಯಾ, ಪ್ರತಿಯೊಬ್ಬನಿಗೂ ಮೊದಲಿನಿಂದ ಕಥಿ ಹೇಳಬೇಕು. ಕನ್ನಡ ಅಂತೂ ಬಿಡ್ರಿ, ಒಬ್ಬಾಕಿ ಅಷ್ಟ ಪಾಪ ಬೆಂಗಳೂರಿನಾಕಿ, ಕನ್ನಡದಾಗ ಖರೇ ಹೇಳಿದ್ಲು: ಸರ್, ಸಾಮಾನು ಮುಟ್ಟಿದೆ ಅಂತ ನೀವು ತೋರಿಸ್ತಿದ್ದೀರ, ಅವರು ಕೇಳ್ತಿರೋದು ಕಾರ್ಡ್ ಮಾಲೀಕರೇ ತಗೊಂಡ್ರಾ ಅಂತ. ಮೊದಲ ದಿನ ಯಾರರ ಇಷ್ಟ ಹೇಳಿದ್ರ ಅಷ್ಟು ಕಾಗದ ಸ್ಕ್ಯಾನ್ ಮಾಡೋ ತ್ರಾಸ ಉಳೀತಿತ್ತು. ಕೇಸ್ ಸೋತ್ವಿ, ಮ್ಯಾಲೆ ಡಿಸ್ಪ್ಯೂಟ್ ಫೀ ಬ್ಯಾರೆ. ಒಂದು ಬ್ಯಾಟಿನ್ಯಾಗ ನಮಗ ಉಳಿಯೋದು 1,500ರಿಂದ 2,000. ಕಳದ ಮಾಲಿನ ಖರೀದಿ ರೇಟ ಹಿಡದ್ರೂ 73,000, ಅದನ್ನ ತುಂಬಾಕ ಇನ್ನೂ 40 ಬ್ಯಾಟ್ ಮಾರಬೇಕು, ಅಂದ್ರ 40 ಹುಡುಗ್ರು ಎರಡೆರಡು ತಾಸು ಟಕ್ ಟಕ್ ಬಡೀಬೇಕು.

ಕಾರ್ಡಿನ ಮಾಲಕರ ಮ್ಯಾಲೆ ಮೊದಮೊದಲು ಸಿಟ್ಟು ಬಂದಿತ್ತು, ಈಗಿಲ್ಲ. ನನ್ನ ಕಾರ್ಡಿಗೇ ಹಿಂಗ ಆಗಿದ್ರ ನಾನೂ ಬ್ಯಾಂಕಿನ ಬಾಗಲದಾಗ ಕುಂದರ್ತಿದ್ದೆ. ನಮ್ಮಲ್ಲೂ 2017ರ ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ, ನಮ್ಮ ತಪ್ಪಿಲ್ಲದ ಬ್ಯಾರೆಯವ್ರು ಹೊಡದಿದ್ರ, ಬ್ಯಾಂಕಿನ ಮೆಸೇಜ್ ಬಂದ ಮೂರು ವರ್ಕಿಂಗ್ ಡೇ ಒಳಗ ತಿಳಿಸಿದ್ರ ಗಿರಾಕಿಗೆ ಒಂದು ರೂಪಾಯಿ ಹೊರಿ ಇಲ್ಲ.

ಇದ ಗೇಟ್‌ವೇ ಇನ್ನೂ ಇಟಗೊಂಡೀನಿ, ಯುಪಿಐಗೋಸ್ಕರ. ಎಲ್ಲಾ ಬೇಕಾದ ಸೆಟ್ಟಿಂಗ್ ಒಳಗ ಅದಾವು, ಆದ್ರ ಮೂರು ಮೆನು ದಾಟಿ ಹೋಗಬೇಕು, ಮತ್ತ ಎಲ್ಲಾ ಆಫ್ ಇಟ್ಟು ಕೊಡ್ತಾರ. ಓಟಿಪಿ ಇಲ್ಲದ ಕಾರ್ಡ್ ತೊಗೊಳ್ಳಬ್ಯಾಡ ಅನ್ನೋದು ಒಂದು. ಒಂದ ಇಮೇಲಿಂದ ಮೂರು ಸಲ ಫೇಲಾದ್ರ ಬಂದ್ ಮಾಡೋದು ಇನ್ನೊಂದು. ಎಲ್ಲಾಕಿಂತ ಉಪಯೋಗದ್ದು ಮ್ಯಾನ್ಯುವಲ್ ಕ್ಯಾಪ್ಚರ್, ಅಂದ್ರ ಕಾರ್ಡಿನ ರೊಕ್ಕ ಬರೇ ತಡದು ಹಿಡದಿರತೈತಿ, ನಾವು ಹೂಂ ಅಂದ ಮ್ಯಾಲೆ ಬರತೈತಿ, ಅನುಮಾನ ಬಂದ್ರ ಬಿಟ್ಟು ಬಿಡೋದು, ರಿಫಂಡಿನ ಗೊಡವಿ ಇಲ್ಲ. ಇವನ್ನ ಹುಡುಕಿ ಕೊಟ್ಟದ್ದು ಸಪೋರ್ಟಿನವ್ರಲ್ಲ, ವಿದ್ಯಾನಗರದಾಗ ಇಂಜಿನಿಯರಿಂಗ್ ಓದೋ ನನ್ನ ತಂಗಿ ಮಗ. ಸೈಬರ್ ಕ್ರೈಮ್ ಪೋರ್ಟಲ್‌ನ್ಯಾಗ ಕಂಪ್ಲೇಂಟೂ ಹಾಕೀನಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೂ ಫೋನ್ ಮಾಡೀನಿ, ಗೋಡೌನ್ ಅಡ್ರೆಸ್ ಕೊಟ್ಟೀನಿ.

ಹೊರದೇಶದ ಕಾರ್ಡ್ ಸದ್ಯಕ್ಕ ಪೂರ್ತಿ ಬಂದ್. ಮೊನ್ನೆ ಕೇಶ್ವಾಪುರದವನ ಒಬ್ಬಾಂವ ಹೊರದೇಶದಿಂದ ಮೆಸೇಜ್ ಮಾಡಿದ್ದ, ತಮ್ಮನ ಬ್ಯಾಟಿಗೆ ರೊಕ್ಕ ಹೋಗವಲ್ದು ಅಂತ. ಏನ್ ಹೇಳೋದು ಅಂತ ನಾ ವಿಚಾರ ಮಾಡೋದ್ರಾಗ ಅವನ ಇನ್ನೊಂದು ಮೆಸೇಜ್ ಬಂತು, ಅಣ್ಣಾರ, ಬ್ಯಾಟ್ ತೂಕ ಎಷ್ಟೈತ್ರಿ? ಕಾಕಾಗ ಓದಿ ಹೇಳಿದೆ. ಇಂವ ಗಿರಾಕಿ, ತಮ್ಮನ್ನ ಅಂಗಡಿಗೆ ಕಳಸು ಅನ್ನು, ರೊಕ್ಕ ಆಮ್ಯಾಲೆ ನೋಡೂಣು ಅಂದ್ರು.