ಬೀಜಿಂಗ್ ಅಥವಾ ಶಿಯಾನ್: ನಾಲ್ಕೇ ದಿನ ಇದ್ದರೆ ಯಾವುದು?

ಚೀನಾದ ಇತಿಹಾಸ ನೋಡಲೆಂದೇ ಹೊರಟವರಿಗೆ ನನ್ನ ಮೊದಲ ಸಲಹೆ ಶಿಯಾನ್.

ಬೀಜಿಂಗಿನ ನಿಷೇಧಿತ ನಗರ 1420ರಲ್ಲಿ ಪೂರ್ಣಗೊಂಡಿತು. ಮಿಂಗ್ ಮತ್ತು ಚಿಂಗ್ ವಂಶಗಳ 24 ಚಕ್ರವರ್ತಿಗಳು ಅಲ್ಲಿಂದ ಆಳಿದರು. ಅದರ ಅಂಗಳದಲ್ಲಿರುವ ದೊಡ್ಡ ಲೋಹದ ಕೊಪ್ಪರಿಗೆಗಳನ್ನು ಮರೆಯದೆ ನೋಡಿ. ಮರದ ಅರಮನೆಗೆ ಬೆಂಕಿ ಬಿದ್ದರೆ ಆರಿಸಲು ಅವುಗಳಲ್ಲಿ ನೀರು ತುಂಬಿಡುತ್ತಿದ್ದರು, ಚಳಿಗಾಲದಲ್ಲಿ ಹೆಪ್ಪುಗಟ್ಟದಂತೆ ಕೆಳಗೆ ಇದ್ದಿಲು ಉರಿಸುತ್ತಿದ್ದರು. ಮಹಾಗೋಡೆಯೂ ಹತ್ತಿರ. ಆದರೆ ಅರಮನೆಯಲ್ಲಿ ಜನಜಂಗುಳಿ ವಿಪರೀತ, ಟಿಕೆಟನ್ನು ಮೊದಲೇ ಕಾಯ್ದಿರಿಸಬೇಕು, ಸೋಮವಾರ ಸಾಮಾನ್ಯವಾಗಿ ರಜೆ.

ಶಿಯಾನ್ ಇನ್ನೂ ಹಳೆಯ ಕಾಲಕ್ಕೆ ಕರೆದೊಯ್ಯುತ್ತದೆ. ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಕಾವಲಿಗೆಂದು ಹೂತಿಟ್ಟ, 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಸುಟ್ಟ ಮಣ್ಣಿನ ಯೋಧರ ಸೈನ್ಯಕ್ಕೆ 2,200 ವರ್ಷ. ಮಂಡಿಯೂರಿದ ಬಿಲ್ಲುಗಾರನ ಹಿಂದೆ ನಿಂತು ಅವನ ಪಾದರಕ್ಷೆಯ ಅಟ್ಟೆಯನ್ನು ನೋಡಿ: ಹೊಲಿಗೆಯ ಚುಕ್ಕೆಗಳನ್ನೂ ಬಿಡದೆ ಮೂಡಿಸಿದ್ದಾರೆ. ಯಾರೂ ನೋಡಲಾರದ ಸಮಾಧಿಗೆ ಅಷ್ಟು ಶ್ರದ್ಧೆ!

ಕನ್ನಡಿಗರಿಗೆ ಇನ್ನೊಂದು ಸೆಳೆತವಿದೆ. ಭಾರತದಿಂದ ತಂದ ಗ್ರಂಥಗಳನ್ನು ಇಡಲು ಹ್ಯೂಯೆನ್ ತ್ಸಾಂಗ್ 652ರಲ್ಲಿ ಕಟ್ಟಿಸಿದ ಗೋಪುರ ಇಲ್ಲಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟ ಯಾತ್ರಿಕ ಇವನೇ.

ಮಕ್ಕಳಿಗೆ ಮಹಾಗೋಡೆ ಹತ್ತುವ ಆಸೆ ಇದ್ದರೆ ಬೀಜಿಂಗೇ ಸರಿ. ಇನ್ನೆರಡು ದಿನ ಹೊಂದಿಸಿಕೊಳ್ಳಬಲ್ಲವರು ವೇಗದ ರೈಲು ಹಿಡಿದು ಎರಡನ್ನೂ ನೋಡಲಿ; ನಡುವಿನ ದಾರಿ ಸುಮಾರು ಐದು ಗಂಟೆಯದು.