ಎಫ್‌ಟಿ8 ಕೇಳಲು ಹಳೆಯ ಟ್ರಾನ್ಸೀವರೋ, ಎಸ್‌ಡಿಆರ್ ಡಾಂಗಲ್ಲೋ?

ಎಫ್‌ಟಿ8 ಎಂದರೆ ಹ್ಯಾಮ್ ರೇಡಿಯೋ ಹವ್ಯಾಸಿಗಳು ಕಂಪ್ಯೂಟರಿನ ಮೂಲಕ ಪುಟ್ಟ ಸಂದೇಶಗಳನ್ನು ಸ್ವರಗಳಾಗಿ ಕಳಿಸುವ ಬಗೆ. ಕೇಳುವುದಕ್ಕಾದರೆ ನನ್ನ ಮತ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ. ಇದನ್ನು ಒಪ್ಪಿಕೊಳ್ಳಲು ಒಂದಿಡೀ ಮಳೆಗಾಲ ಹಿಡಿಯಿತು. ಅದರ ಐದಾರು ಪಟ್ಟು ಹಣ ಸುರಿದು ತಂದ ಹಳೆಯ ಟ್ರಾನ್ಸೀವರ್ (ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ಪೆಟ್ಟಿಗೆ) ಮೇಜಿನ ಮೇಲೆ ಕುಳಿತಿತ್ತಲ್ಲ!

ಕುಮಟಾದ ನಮ್ಮ ಹಿತ್ತಿಲಲ್ಲಿ ಎರಡು ತೆಂಗಿನ ಮರಗಳ ನಡುವೆ 40 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ ಕಟ್ಟಿದ್ದೇನೆ. ರಾತ್ರಿ ಊಟವಾದ ಮೇಲೆ 7.074 ಮೆಗಾಹರ್ಟ್ಸ್ ನನ್ನ ಕಟ್ಟೆ. ಅಲ್ಲಿ ಒಬ್ಬೊಬ್ಬರದೂ ಡಯಲಿಗಿಂತ ಇಷ್ಟು ಹರ್ಟ್ಸ್ ಮೇಲೆ ಎಂಬ ಜಾಗ. ಟ್ರಾನ್ಸೀವರಿನ ಹೆಡ್‌ಫೋನ್ ಜ್ಯಾಕಿನಿಂದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡಿಗೆ ತಂತಿ ಎಳೆದಿದ್ದೆ. 2,500 ಹರ್ಟ್ಸ್‌ನಿಂದಾಚೆ ಒಂದೇ ಒಂದು ಕರೆಚಿಹ್ನೆಯೂ (ಹವ್ಯಾಸಿಯ ಗುರುತಿನ ಅಕ್ಷರಗಳು) ಬರುತ್ತಿರಲಿಲ್ಲ. ಅಲ್ಲಿ ಯಾರೂ ಇಲ್ಲವೆಂದೇ ನಂಬಿದ್ದೆ.

ನಂಬಿಸಿದ್ದು ಎಫ್‌ಟಿ8 ಬಿಡಿಸಿ ಓದುವ ಸಾಫ್ಟ್‌ವೇರ್ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ‘ಫ್ಲ್ಯಾಟನ್’ ಎಂಬ ಪುಟ್ಟ ಟಿಕ್ ಗುರುತು. ಅದು ಪರದೆಯ ಚಿತ್ರವನ್ನು ಮಟ್ಟಸ ಮಾಡುತ್ತದೆಯೇ ಹೊರತು ರೇಡಿಯೋವನ್ನಲ್ಲ. ಒಂದು ರಾತ್ರಿ ಗುರುತು ತೆಗೆದು ಬರಿಯ ಗದ್ದಲದ ರೇಖೆಯನ್ನು ನೋಡಿದೆ: ನಡುವೆ ದಿಬ್ಬ, 2,400 ದಾಟುತ್ತಿದ್ದಂತೆ ಜಾರುಬಂಡೆ. ಮಾತಿಗೆಂದು ಮಾಡಿದ 2.4 ಕಿಲೋಹರ್ಟ್ಸ್ ಫಿಲ್ಟರ್ ತನ್ನ ಕೆಲಸವನ್ನೇ ಮಾಡುತ್ತಿತ್ತು. ಹಾಗೆ ನೋಡಿದರೆ ಇಳಿಜಾರೇ ದೊಡ್ಡ ಪಾಪವಲ್ಲ. ಫಿಲ್ಟರ್ ಸಂಕೇತವನ್ನೂ ಗದ್ದಲವನ್ನೂ ಒಟ್ಟಿಗೇ ತಗ್ಗಿಸುವುದರಿಂದ ಅವುಗಳ ಅಂತರ ಹಾಗೆಯೇ ಉಳಿಯುತ್ತದೆ. ಆದರೆ ಅಂಚಿನಲ್ಲಿ ಎರಡೂ ಕುಗ್ಗಿ ಸೌಂಡ್ ಕಾರ್ಡಿನ ಸ್ವಂತ ಗುಂಯ್‌ಗುಡುವಿಕೆಗಿಂತ ಕೆಳಗಿಳಿದರೆ ಕಥೆ ಮುಗಿಯಿತು. ನನ್ನಲ್ಲಿ ಆದದ್ದು ಅದೇ. ಡಯಲನ್ನು 7.075ಕ್ಕೆ ಏರಿಸಿದೆ, 2,700ರಲ್ಲಿದ್ದವರು 1,700ಕ್ಕೆ ಬಂದು ಸಾಲುಗಟ್ಟಿ ಡಿಕೋಡ್ ಆದರು. ಇತ್ತ ಕೆಳಗಿನ ಸಾವಿರ ಹರ್ಟ್ಸ್ ಪೂರ್ತಿ ಕೈಬಿಟ್ಟಿತು. ಪ್ರತಿ ರಾತ್ರಿ ಯಾರನ್ನು ಬಿಡಲಿ ಎಂದು ಆರಿಸುತ್ತ ಕೂರುವುದು ನನ್ನಿಂದಾಗದು.

ಡಾಂಗಲ್‌ನಲ್ಲಿ ಫಿಲ್ಟರ್ ಸಾಫ್ಟ್‌ವೇರಿನದು. ನೂರರಿಂದ 3,500 ಹರ್ಟ್ಸ್‌ವರೆಗೆ ಎಳೆದಿಟ್ಟೆ. ರೇಖೆ ಅಂಗಳಕ್ಕೆ ಸಗಣಿ ಸಾರಿಸಿದಷ್ಟು ಸಮ. ಧ್ವನಿ ಕಂಪ್ಯೂಟರಿನೊಳಗೇ ಸಾಗುವುದರಿಂದ ಉಪ್ಪುಗಾಳಿಗೆ ಕಿಲುಬು ಹಿಡಿಯುವ ಜ್ಯಾಕಿನ ಗೋಳೂ ಇಲ್ಲ.

ಹಾಗೆಂದು ಡಾಂಗಲ್ ಸಾಧುವೇನಲ್ಲ. ಅದರದ್ದು ಎಂಟೇ ಬಿಟ್, ಅಂದರೆ ಜೋರು ಸಂಕೇತದ ಪಕ್ಕದ ಕ್ಷೀಣ ಸಂಕೇತ ಅದಕ್ಕೆ ಕಷ್ಟ. ಕತ್ತಲಾದ ಮೇಲೆ ಮಧ್ಯಮ ತರಂಗದ ಬಲಿಷ್ಠ ಕೇಂದ್ರಗಳು ಅದನ್ನು ಉಸಿರುಗಟ್ಟಿಸುತ್ತಿದ್ದವು. ಕಡಿಮೆ ಆವರ್ತನಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಸೇರಿಸಿದ ಮೇಲೆ ಸುಧಾರಿಸಿಕೊಂಡಿತು. ಈ ವಿಷಯದಲ್ಲಿ ಹಳೆಯ ಪೆಟ್ಟಿಗೆ ನಿಜಕ್ಕೂ ಗಟ್ಟಿ.

ಕೈಯಲ್ಲಿ ಹಣವಿದ್ದು, ಮಾತನಾಡುವ ಚಟವೂ ಇದ್ದರೆ ಅಗಲ ಫಿಲ್ಟರಿನ ಹೊಸ ರೇಡಿಯೋ ಕೊಳ್ಳಿ. ನನಗೆ ಎರಡೂ ಇಲ್ಲ. ಡಾಂಗಲ್ ಬರೀ ಕೇಳುತ್ತದೆ, ಹಾಗಾಗಿ ಪ್ರಸಾರಕ್ಕೆ ಟ್ರಾನ್ಸೀವರ್ ಉಳಿದಿದೆ. ನಡುವೆ ಕೈಯಿಂದ ತಿರುಗಿಸುವ ಆಂಟೆನಾ ಸ್ವಿಚ್. ಎಫ್‌ಟಿ8ರ 15 ಸೆಕೆಂಡಿನ ಸರದಿಯಲ್ಲಿ ಪ್ರಸಾರಕ್ಕೆ 12.64 ಸೆಕೆಂಡು ಹೋಗುತ್ತದೆ. ಉಳಿದ ಎರಡು ಸೆಕೆಂಡಿನಲ್ಲಿ ಸ್ವಿಚ್ ತಿರುಗಬೇಕು. ಮೊದಲ ವಾರ ತಡಕಾಡಿದೆ. ಈಗ ಎಡಗೈ ತಾನೇ ಹೋಗುತ್ತದೆ, ಬಲಗೈಯಲ್ಲಿ ಕಷಾಯದ ಲೋಟ ಇದ್ದರೂ.