ಕನ್ನಡದ ಮಾತಿಗೆ ಯಂತ್ರದ ಕಾವಲು: ನಾಲ್ಕು ವ್ಯವಸ್ಥೆಗಳ ಹೋಲಿಕೆ

ಅಡಿಕೆ, ಮೆಣಸು, ಬಾಳೆ ಬೆಳೆಯುವವರು ಪರಸ್ಪರ ಪ್ರಶ್ನೆ ಕೇಳಿ ಉತ್ತರ ಪಡೆಯುವ ಚಿಕ್ಕದೊಂದು ಕನ್ನಡ ಆ್ಯಪ್‌ನ ತಾಂತ್ರಿಕ ಕೆಲಸವನ್ನು ಬೆಂಗಳೂರಿನ ನಮ್ಮ ತಂಡ ನೋಡಿಕೊಳ್ಳುತ್ತದೆ. ಬೈಗುಳ, ಜಾತಿನಿಂದನೆ, ನಕಲಿ ಗೊಬ್ಬರದ ಜಾಹೀರಾತು ಇವುಗಳನ್ನು ತಡೆಯುವುದಕ್ಕಾಗಿ ಪದಪಟ್ಟಿ, ಸಿದ್ಧ ಮಾಡರೇಶನ್ (ಬರಹ ಸೋಸುವ) ಸೇವೆ, ಚಾಟ್‌ಬಾಟ್‌ಗಳ ಹಿಂದಿರುವಂಥ ದೊಡ್ಡ ಭಾಷಾ ಮಾದರಿ ಮತ್ತು ನಾವೇ ತರಬೇತಿ ಕೊಟ್ಟ ಚಿಕ್ಕ ಮಾದರಿ ಎಂಬ ನಾಲ್ಕು ದಾರಿಗಳನ್ನು ಪರಿಶೀಲಿಸಿದ್ದೇವೆ. ನನ್ನ ಒಲವು ಕೊನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಅದರ ನಿಖರತೆಗಿಂತ ಅದರ ಬಾಳಿಕೆಯೇ ದೊಡ್ಡ ಕಾರಣ.

ಪದಪಟ್ಟಿ ಎಲ್ಲಕ್ಕಿಂತ ಅಗ್ಗ. ಒಂದು ಬರಹವನ್ನು ಏಕೆ ತಡೆದಿರಿ ಎಂದು ರೈತರೊಬ್ಬರು ಕೇಳಿದರೆ ಒಂದೇ ಸಾಲಿನಲ್ಲಿ ಪ್ರಾಮಾಣಿಕ ಉತ್ತರ ಸಿಗುವುದೂ ಇದರಲ್ಲಿ ಮಾತ್ರ. ಆದರೆ ಇಂಗ್ಲಿಷಿಗೆಂದು ಬರೆದ ಫಿಲ್ಟರನ್ನು ಹಾಗೆಯೇ ಕನ್ನಡಕ್ಕೆ ಹಚ್ಚಿದರೆ ಎಡವಟ್ಟಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಪಠ್ಯದಲ್ಲಿ ಪದ ಹುಡುಕುವ ರೆಜೆಕ್ಸ್ ಲೈಬ್ರರಿಯು ಪದದ ಅಂಚನ್ನು, ಅಂದರೆ ಅಕ್ಷರವೂ ಅಕ್ಷರವಲ್ಲದ್ದೂ ಸಂಧಿಸುವ ಜಾಗವನ್ನು, ಗುರುತಿಸುವಾಗ ಸ್ವರ, ವ್ಯಂಜನಗಳನ್ನು ಅಕ್ಷರಗಳೆಂದು ಎಣಿಸುತ್ತದೆ, ಗುಣಿತದ ಚಿಹ್ನೆಗಳನ್ನು ಎಣಿಸುವುದಿಲ್ಲ. ಹೀಗಾಗಿ ‘ನಾಯಿ’ ಎಂಬ ಪದವನ್ನು ಎರಡೂ ಕಡೆ ಅಂಚು ಕೊಟ್ಟು ಹುಡುಕಿದರೆ, ಯಾರನ್ನೋ ಬೈಯಲು ಬರೆದ ಒಂಟಿ ‘ನಾಯಿ’ ಸಿಗುವುದೇ ಇಲ್ಲ. ಕೊನೆಯ ಗುಡಿಸೂ ಅದರ ಮುಂದಿನ ಖಾಲಿ ಜಾಗವೂ ಅದರ ಲೆಕ್ಕದಲ್ಲಿ ಒಂದೇ ಜಾತಿಯವು, ಆದ್ದರಿಂದ ಅಲ್ಲಿ ಅಂಚು ಕಾಣುವುದಿಲ್ಲ. ಬದಲಿಗೆ ‘ನಾಯಿಮರಿ ಮಾರಾಟಕ್ಕಿದೆ’ ಎಂಬ ನಿರಪರಾಧಿ ಬರಹ ಸಿಕ್ಕಿಬೀಳುತ್ತದೆ, ಏಕೆಂದರೆ ಗುಡಿಸಿನ ನಂತರ ‘ಮ’ ಬಂದ ಕೂಡಲೇ ಹೊಸ ಪದ ಶುರುವಾಯಿತೆಂದು ಅದು ತಿಳಿಯುತ್ತದೆ. ಅಂಚಿನ ನಿಯಮವನ್ನು ನಾವೇ ಬರೆದುಕೊಂಡರೆ ಈ ತೊಂದರೆ ನೀಗುತ್ತದೆ. ನೀಗದಿರುವುದು ಬಳಕೆಯ ತೊಂದರೆ: ‘ಹೊಟ್ಟೆಗೆ ಏನ್ ತಿಂತೀಯ’ ಎಂಬ ಮಾತಿನಲ್ಲಿ ಪಟ್ಟಿಗೆ ಸೇರಿಸಬಹುದಾದ ಪದ ಒಂದೂ ಇಲ್ಲ. ಇದರ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವವರು ಒಂದೇ ಬೈಗುಳಕ್ಕೆ ತಮಗೆ ತೋಚಿದ ಸ್ಪೆಲ್ಲಿಂಗ್ ಹಾಕುತ್ತಾರೆ.

ಸಿದ್ಧ ಸೇವೆಗಳ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ಗೂಗಲ್‌ನ ಜಿಗ್‌ಸಾ ತಂಡ 2017ರಲ್ಲಿ ಹೊರತಂದ ಪರ್ಸ್ಪೆಕ್ಟಿವ್ ಸೇವೆಯ ಭಾಷೆಗಳಲ್ಲಿ ಹಿಂದಿ ಇದೆ, ಹಿಂಗ್ಲಿಷ್ ಕೂಡ ಇದೆ, ಕನ್ನಡ ಇಲ್ಲ. ಆ ಸೇವೆಯೇ 2026ರ ಕೊನೆಗೆ ಮುಚ್ಚಲಿದೆ ಎಂಬ ಪ್ರಕಟಣೆ ಹೊರಬಿದ್ದಿದ್ದು, ಅದನ್ನು ನಂಬಿ ವ್ಯವಸ್ಥೆ ಕಟ್ಟಿಕೊಂಡವರು ಈಗ ಬೇರೆ ದಾರಿ ನೋಡಿಕೊಳ್ಳಬೇಕಾಗಿದೆ. ಅಪಾಯಕಾರಿ ಬರಹ ಗುರುತಿಸಲೆಂದೇ ಇರುವ ಮೆಟಾ ಕಂಪನಿಯ ಲಾಮಾ ಗಾರ್ಡ್ 3 ಮಾದರಿ ಅಧಿಕೃತವಾಗಿ ಬೆಂಬಲಿಸುವ ಎಂಟು ಭಾಷೆಗಳಲ್ಲಿಯೂ ಭಾರತದ ಪಾಲಿಗೆ ಬಂದದ್ದು ಹಿಂದಿ ಒಂದೇ.

ದೊಡ್ಡ ಭಾಷಾ ಮಾದರಿಯ ವಿಷಯ ಬೇರೆ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಅದು ಸಲೀಸಾಗಿ ಓದಿತು, ಮೇಲೆ ಹೇಳಿದ ಹೊಟ್ಟೆಯ ಮಾತಿನ ಕುಹಕವನ್ನು ಹಿಡಿಯಿತು, ಉದ್ದನೆಯ ಜಗಳದಲ್ಲಿ ಯಾರು ಯಾರಿಗೆ ಚುಚ್ಚುತ್ತಿದ್ದಾರೆ ಎಂಬುದನ್ನೂ ಬಿಡಿಸಿ ಹೇಳಿತು. ಮೊದಲ ನೋಟಕ್ಕೆ ಮಾರುಹೋಗುವಂತಹ ಸಾಮರ್ಥ್ಯವೇ ಅದು. ಆದರೆ ‘ಬೇರುಹುಳ ಪೂರ್ತಿ ಸಾಯಬೇಕಂದ್ರೆ ಬುಡಕ್ಕೆ ಎಷ್ಟು ವಿಷ ಹಾಕಬೇಕು’ ಎಂದು ಅಡಿಕೆ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆಯನ್ನು ಪ್ರಾಣಾಪಾಯದ ವಿಷಯವೆಂದು ತಡೆಹಿಡಿಯಿತು. ನಮ್ಮಲ್ಲಿ ಔಷಧಿಯನ್ನು ‘ಹೊಡೆಯುತ್ತಾರೆ’, ಹುಳುವನ್ನು ‘ಕೊಲ್ಲುತ್ತಾರೆ’, ಕಳೆಯನ್ನು ‘ಸುಡುತ್ತಾರೆ’. ಕೃಷಿಯ ಭಾಷೆಯೇ ಹಾಗಿದೆ. ಇದನ್ನೆಲ್ಲ ಆ ಮಾದರಿಗೆ ಕೊಡುವ ಸೂಚನೆಯಲ್ಲಿ ವಿವರಿಸಿ, ಉದಾಹರಣೆ ಕೊಟ್ಟು, ತಿದ್ದಿ ತೀಡಿ ಒಂದು ಹದಕ್ಕೆ ತಂದ ಮೇಲೆ ಆ ಆವೃತ್ತಿಯನ್ನು ನಿಲ್ಲಿಸುತ್ತಿರುವುದಾಗಿ ಕಂಪನಿಯಿಂದ ನೋಟಿಸು ಬಂತು. ಹೊಸ ಆವೃತ್ತಿಗೆ ಅದೇ ಸೂಚನೆ ಕೊಟ್ಟಾಗ ಬೇರುಹುಳದ ಪ್ರಶ್ನೆ ಪಾರಾಯಿತು, ಸ್ನೇಹಿತರ ನಡುವಿನ ‘ಮಗಾ’ ಸಿಕ್ಕಿಬಿತ್ತು. ಬ್ಯಾಟರಿ ಬದಲಿಸಲಾಗದಂತೆ ಅಂಟಿಸಿ ಮೊಬೈಲ್ ಮಾರುವ ಪದ್ಧತಿ ತಂತ್ರಾಂಶಕ್ಕೂ ಬಂದಂತಾಗಿದೆ: ವಸ್ತು ಕೆಟ್ಟಿರುವುದಿಲ್ಲ, ಆದರೂ ಎಸೆಯಬೇಕು, ಅದರೊಂದಿಗೆ ಅದಕ್ಕೆ ಸುರಿದ ದುಡಿಮೆಯನ್ನೂ ಎಸೆಯಬೇಕು. ವೆಚ್ಚದಲ್ಲಿಯೂ ಕನ್ನಡಕ್ಕೆ ದಂಡ ಬೀಳುತ್ತದೆ. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ ಮೂರು ಮೂರು ಬೈಟ್ ಬೇಕು, ಮತ್ತು ಟೋಕನ್ (ಮಾದರಿಯು ಪಠ್ಯವನ್ನು ಒಡೆದುಕೊಳ್ಳುವ ತುಣುಕು) ಲೆಕ್ಕದ ಬಿಲ್ಲಿನಲ್ಲಿ ಈ ಬಗೆಯ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನು, ಏಕೆ ತಡೆದೆ ಎಂದು ಕೇಳಿದರೆ ಅದು ನೀಡುವ ವಿವರಣೆ ಬಹಳ ಸೊಗಸಾಗಿರುತ್ತದೆ, ನಾಳೆ ಅದೇ ಬರಹಕ್ಕೆ ಬೇರೆ ತೀರ್ಪು ಕೊಟ್ಟು ಅಷ್ಟೇ ಸೊಗಸಾದ ಇನ್ನೊಂದು ವಿವರಣೆಯನ್ನೂ ನೀಡುತ್ತದೆ.

ನಾಲ್ಕನೆಯದಕ್ಕೆ ನಾವು ಮ್ಯೂರಿಲ್ ಮಾದರಿಯನ್ನು ಆಯ್ದುಕೊಂಡೆವು. ಗೂಗಲ್‌ನ ಭಾರತದ ಸಂಶೋಧಕರು ಬಿಡುಗಡೆ ಮಾಡಿದ ಇದು ಕನ್ನಡವೂ ಸೇರಿ 17 ಭಾಷೆಗಳ ಪಠ್ಯದ ಜೊತೆಗೆ ಇಂಗ್ಲಿಷ್ ಲಿಪಿಗೆ ತಿರುಗಿಸಿದ ಪಠ್ಯವನ್ನೂ ಕಲಿತಿದೆ. ಒಮ್ಮೆ ಇಳಿಸಿಕೊಂಡರೆ ಅದನ್ನು ಯಾರೂ ಹಿಂತೆಗೆದುಕೊಳ್ಳಲಾರರು, ಜಿಪಿಯು ಎಂಬ ವಿಶೇಷ ಚಿಪ್ ಇಲ್ಲದ ನಮ್ಮ ಹಳೆಯ ಸರ್ವರಿನಲ್ಲೇ ಅದು ಓಡುತ್ತದೆ. ತರಬೇತಿಗೆ, ದ್ರಾವಿಡ ಭಾಷೆಗಳ ನಿಂದನಾತ್ಮಕ ಬರಹ ಗುರುತಿಸುವ 2021ರ ಸ್ಪರ್ಧೆಗಾಗಿ ಸಿದ್ಧಪಡಿಸಿದ, 7,000ಕ್ಕೂ ಹೆಚ್ಚು ಯೂಟ್ಯೂಬ್ ಪ್ರತಿಕ್ರಿಯೆಗಳಿರುವ ಕನ್ನಡ-ಇಂಗ್ಲಿಷ್ ಸಂಗ್ರಹ ಆರಂಭಕ್ಕೆ ಒದಗಿತು. ಆದರೆ ಯೂಟ್ಯೂಬಿನಲ್ಲಿ ‘ಬೆಂಕಿ’ ಎಂದರೆ ಹೊಗಳಿಕೆ, ತೋಟದಲ್ಲಿ ಬೆಂಕಿ ಎಂದರೆ ಬೆಂಕಿಯೇ. ಆದ್ದರಿಂದ ನಮ್ಮದೇ ಬರಹಗಳಿಗೆ, ಯಾವುದು ನಿಂದನೆ ಯಾವುದು ಅಲ್ಲ ಎಂದು, ನಮ್ಮವರೇ ಗುರುತು ಹಾಕಬೇಕಾಯಿತು. ತೀರ್ಥಹಳ್ಳಿ ಕಡೆಯ ಒಬ್ಬರು, ಬಾಗಲಕೋಟೆಯ ಒಬ್ಬರು ಈ ಕೆಲಸಕ್ಕೆ ಕುಳಿತರು. ‘ಯಾಕಲೇ’ ಎಂಬುದನ್ನು ಮೊದಲನೆಯವರು ಅವಮಾನವೆಂದು ಬರೆದರೆ ಎರಡನೆಯವರು ಅದರಲ್ಲೇನಿದೆ ಎಂದು ನಕ್ಕರು. ಒಬ್ಬರೇ ಗುರುತು ಹಾಕಿದ್ದರೆ ಅರ್ಧ ಕರ್ನಾಟಕ ಒರಟರ ಸಾಲಿಗೆ ಸೇರುತ್ತಿತ್ತು.

ಈ ಚಿಕ್ಕ ಮಾದರಿಗೆ ವ್ಯಂಗ್ಯ ಅಷ್ಟಾಗಿ ತಿಳಿಯುವುದಿಲ್ಲ. ಆ ಒಂದು ವಿಷಯದಲ್ಲಿ ದೊಡ್ಡ ಮಾದರಿಯೇ ಸ್ಪಷ್ಟವಾಗಿ ಮೇಲು. ಮನುಷ್ಯರ ದುಡಿಮೆಯೂ ಇದರಲ್ಲಿ ತಪ್ಪುವುದಿಲ್ಲ, ಆ ದುಡಿಮೆ ಹಗುರವೂ ಅಲ್ಲ: ಹಿಂಸೆಯ ದೃಶ್ಯಗಳನ್ನು ನೋಡಿ ನೋಡಿ ಮಾನಸಿಕವಾಗಿ ನೊಂದ ಅಮೆರಿಕದ ಮಾಡರೇಟರುಗಳಿಗೆ ಪರಿಹಾರವಾಗಿ 5.2 ಕೋಟಿ ಡಾಲರ್ ಕೊಡಲು ಫೇಸ್‌ಬುಕ್ 2020ರಲ್ಲಿ ಒಪ್ಪಿಕೊಂಡಿತ್ತು. ನಮ್ಮಲ್ಲಿ ಅಂಥ ದೃಶ್ಯಗಳಿಲ್ಲವಾದರೂ ದಿನವಿಡೀ ಜಾತಿನಿಂದನೆ ಓದುವ ಕೆಲಸವನ್ನು ಒಬ್ಬರ ತಲೆಗೇ ಕಟ್ಟಬಾರದೆಂದು ಸರದಿ ಇಟ್ಟಿದ್ದೇವೆ. ಯಂತ್ರ ಎಷ್ಟೇ ಚುರುಕಾದರೂ ಮನುಷ್ಯರು ಬೇಕೇ ಬೇಕು. ದೂರು ಬಂದರೆ 24 ಗಂಟೆಗಳೊಳಗೆ ಸ್ವೀಕೃತಿ ನೀಡಬೇಕೆಂದು 2021ರ ಐಟಿ ನಿಯಮಗಳು ಹೇಳುವುದು ಕುಂದುಕೊರತೆ ಅಧಿಕಾರಿಗೆ, ಮಾದರಿಗಲ್ಲ.

ಈಗ ನಮ್ಮಲ್ಲಿ ಪದಪಟ್ಟಿಗೆ ಉಳಿದಿರುವ ಕೆಲಸ ಕೆಲವೇ ಜಾತಿಸೂಚಕ ಬೈಗುಳಗಳನ್ನು ಮತ್ತು ಫೋನ್ ನಂಬರ್ ಸಮೇತ ಬರುವ ಜಾಹೀರಾತುಗಳನ್ನು ಹಿಡಿಯುವುದು. ಉಳಿದ ಬರಹಗಳನ್ನು ಚಿಕ್ಕ ಮಾದರಿ ಬೇರ್ಪಡಿಸುತ್ತದೆ, ಅದಕ್ಕೆ ಅನುಮಾನವಿದ್ದದ್ದು ಮನುಷ್ಯರ ಮುಂದೆ ಬರುತ್ತದೆ, ದೊಡ್ಡ ಮಾದರಿಯ ಅಭಿಪ್ರಾಯ ಅದರ ಪಕ್ಕದಲ್ಲಿ ಒಂದು ಸಾಲಾಗಿ ಕಾಣುತ್ತದೆ. ನಾಳೆ ಆ ಸೇವೆ ನಿಂತರೆ ಆ ಸಾಲು ಖಾಲಿಯಾಗುತ್ತದೆ, ಅಷ್ಟೆ. ಗುರುತು ಹಾಕಿದ ಬರಹಗಳೆಲ್ಲ ಸಾದಾ ಪಠ್ಯರೂಪದ ಸಿಎಸ್‌ವಿ ಕಡತದಲ್ಲಿವೆ, ಮ್ಯೂರಿಲ್‌ಗಿಂತ ಉತ್ತಮವಾದದ್ದು ಬಂದ ದಿನ ಅದಕ್ಕೂ ಇದೇ ಕಡತದಿಂದ ಪಾಠ ಹೇಳಬಹುದು. ದಿನಕ್ಕೆ ಬೆರಳೆಣಿಕೆಯ ಬರಹಗಳು ಬರುವ ಕಡೆ ಇಷ್ಟೆಲ್ಲ ಬೇಕಾಗಿಲ್ಲ. ಅಂಚು ಸರಿಪಡಿಸಿದ ಪದಪಟ್ಟಿ ಮತ್ತು ಊರಿನ ಮಾತು ಬಲ್ಲ ಒಬ್ಬರು ಇದ್ದರೆ ಸಾಕು.